ಗಾಳದವರ ಲೆಕ್ಕ ಯಾರ ಪುಸ್ತಕದಲ್ಲಿ ಉಂಟು?

ಭಾನುವಾರ ಸಂಜೆ ನಾಲ್ಕು ಗಂಟೆಯ ಮೇಲೆ ನಮ್ಮ ಕರಾವಳಿಯ ಯಾವ ಅಳಿವೆ ಬಾಗಿಲಿಗೆ ಬೇಕಾದರೂ ಹೋಗಿ ನೋಡಿ. ಬೆಂಗ್ರೆ ಇರಲಿ, ಕೋಟೆಪುರ ಇರಲಿ, ಸಸಿಹಿತ್ಲು, ಹೆಜಮಾಡಿ ಕೋಡಿ, ಮಲ್ಪೆ, ಗಂಗೊಳ್ಳಿ ಇರಲಿ. ಕಡಲಿಗೆ ಅಡ್ಡ ಹಾಕಿದ ಕಲ್ಲಿನ ಮೇಲೆ ಜನ ಸಾಲಾಗಿ ಗಾಳ ಹಿಡಿದು ನಿಂತಿರುತ್ತಾರೆ. ಬ್ಯಾಂಕಿನವರು, ಮೇಷ್ಟ್ರು, ರಿಕ್ಷಾದವರು, ಗಲ್ಫಿನಿಂದ ರಜೆಗೆ ಬಂದವರು, ಕಾಲೇಜು ಹುಡುಗರು. ಕೆಲವರ ಕೈಯಲ್ಲಿ ಸಾವಿರಾರು ರೂಪಾಯಿಯ ರಾಡು, ರೀಲು. ಕೆಲವರ ಕೈಯಲ್ಲಿ ಬಾಟ್ಲಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಒಂದು ಕೊಕ್ಕೆ, ಕೊಕ್ಕೆಗೆ ಒಂದು ಸಿಗಡಿ. ಸಿಕ್ಕಿದರೆ ಮನೆಗೆ ಮೀನು, ಸಿಗದಿದ್ದರೆ ಕಡಲ ಗಾಳಿ. ಯಾರಿಗೂ ನಷ್ಟ ಇಲ್ಲ.

ಯಾರಿಗೂ ನಷ್ಟ ಇಲ್ಲವೇ? ಈ ಪ್ರಶ್ನೆಯನ್ನೇ ಇಂದು ಸ್ವಲ್ಪ ಕೆದಕಬೇಕೆಂದಿದ್ದೇವೆ.

ಅದೇ ಅಳಿವೆಯ ನೀರಿನಲ್ಲಿ ಪಟ್ಟಬಲೆ ಹಾಕುವವರಿದ್ದಾರೆ, ಬೀಸುಬಲೆಯವರಿದ್ದಾರೆ. ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಿಗಿಳಿದು ಮರುವಾಯಿ ಹೆಕ್ಕುವ ಹೆಂಗಸರಿದ್ದಾರೆ. ಸ್ವಲ್ಪ ಆಚೆ ಕೈರಂಪಣಿ, ನಾಡದೋಣಿ. ಇನ್ನೂ ಆಚೆ ಟ್ರಾಲ್ ಬೋಟು, ಪರ್ಸೀನು. ನೀರು ಒಂದೇ, ಮೀನು ಒಂದೇ. ಅಳಿವೆಯಲ್ಲಿ ಬೆಳೆದ ಮರಿಯೇ ನಾಳೆ ಹೊರಗಿನ ಬೋಟಿನವನ ಬಲೆಗೆ ಬೀಳುವುದು. ಇಷ್ಟು ಜನ ಕೈ ಹಾಕುವ ಒಂದು ಪಾತ್ರೆಗೆ ಕಾವಲು ಯಾರು? ಪಾಲು ಹೇಗೆ? ಅದನ್ನು ತೀರ್ಮಾನಿಸುವ ಜಾಗದಲ್ಲಿ ಗಾಳದವರಿಗೂ ಒಂದು ಕುರ್ಚಿ ಬೇಕೋ ಬೇಡವೋ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕುರ್ಚಿ ಬೇಕು. ಆದರೆ ಕುರ್ಚಿಗಿಂತ ಮೊದಲು ಪುಸ್ತಕ ಬೇಕು.

ಪುಸ್ತಕದಲ್ಲಿ ಇಲ್ಲದ ಜನ

ಕಾನೂನು ಏನು ಹೇಳುತ್ತದೆ ನೋಡೋಣ. ಸಂವಿಧಾನದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿ, ಅದರಾಚೆ ಕೇಂದ್ರದ ಕೈಯಲ್ಲಿ. ನಮ್ಮ ರಾಜ್ಯದ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ 1986ರದ್ದು. ಆ ಕಾಯ್ದೆಯ ಕಣ್ಣು ಇರುವುದು ದೋಣಿಯ ಮೇಲೆ. ದೋಣಿಗೆ ನೋಂದಣಿ, ದೋಣಿಗೆ ಪರವಾನಿಗೆ, ಯಾವ ದೋಣಿ ಯಾವಾಗ ಎಲ್ಲಿ ಯಾವ ಬಲೆ ಹಾಕಬಹುದು ಎಂಬ ಕಟ್ಟಳೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ರಜೆ. 2017ರ ನವೆಂಬರದಲ್ಲಿ ಕೇಂದ್ರ ಸರಕಾರ ಬುಲ್ ಟ್ರಾಲಿಂಗನ್ನೂ ಬೆಳಕು ಹಾಕಿ ಮೀನು ಹಿಡಿಯುವುದನ್ನೂ ನಿಷೇಧಿಸಿತು. ಎಲ್ಲವೂ ಬೋಟಿನ ಮಾತು. ಕಲ್ಲಿನ ಮೇಲೆ ನಿಂತ ಮನುಷ್ಯನಿಗೆ ದೋಣಿ ಇಲ್ಲ. ಹಾಗಾಗಿ ಈ ಕಟ್ಟಳೆಗಳ ಲೆಕ್ಕದಲ್ಲಿ ಅವನೂ ಇಲ್ಲ.

ಇನ್ನು ಅಂಕಿ ಸಂಖ್ಯೆಯ ಮಾತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ದೇಶದ ಮೀನಿನ ಲೆಕ್ಕ ಹಾಕುವುದು ಮೀನು ಇಳಿಯುವ ಬಂದರುಗಳಲ್ಲಿ, ದಡಗಳಲ್ಲಿ. ಇಂತಿಷ್ಟು ದಿನ, ಇಂತಿಷ್ಟು ದೋಣಿ ಎಂದು ಮಾದರಿ ನೋಡಿ ಒಟ್ಟು ಅಂದಾಜು ಕಟ್ಟುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಗಾಳದವನ ಮೀನು ಬಂದರಿನಲ್ಲಿ ಇಳಿಯುವುದಿಲ್ಲ ಸ್ವಾಮಿ. ಅದು ಸ್ಕೂಟರಿನ ಹ್ಯಾಂಡಲಿಗೆ ನೇತಾಡಿಕೊಂಡು ಸೀದಾ ಅಡುಗೆಮನೆಗೆ ಹೋಗುತ್ತದೆ.

ಕಲ್ಲಿನ ಮೇಲೆ ನಿಂತವರನ್ನು ಮಾತಾಡಿಸಿದರೆ ದೂರು ಧಾರಾಳವಾಗಿ ಸಿಗುತ್ತದೆ. ಮೊದಲಿನ ಹಾಗೆ ಮೀನಿಲ್ಲ, ಸಣ್ಣ ಕಣ್ಣಿನ ಬಲೆ ಹಾಕಿ ಮರಿಯನ್ನೆಲ್ಲ ಬಾಚುತ್ತಾರೆ, ಊರಿನ ಕೊಳಚೆ ಹೊಳೆಗೆ ಬರುತ್ತದೆ, ಕಾಣೆ ಮೀನು ಕಾಣೆಯಾಗಿದೆ ಎಂದು. ಬಲೆಯವರನ್ನು ಕೇಳಿದರೆ ಅವರದ್ದೂ ಉಂಟು. ಗಾಳದವರ ಕೊಕ್ಕೆ ಬಲೆಗೆ ಸಿಕ್ಕಿ ಹರಿಯುತ್ತದೆ, ಹವ್ಯಾಸ ಎಂದು ಬಂದವರು ದೊಡ್ಡ ಮೀನು ಸಿಕ್ಕಿದರೆ ಹೋಟೆಲಿಗೆ ಮಾರುತ್ತಾರೆ, ನಮಗೆ ಇಲ್ಲದ ಸಲುಗೆ ಅವರಿಗೆ ಯಾಕೆ ಎಂದು. ಇಬ್ಬರ ಮಾತಿನಲ್ಲಿಯೂ ಸತ್ಯ ಇರಬಹುದು. ಆದರೆ ಸಭೆಯಲ್ಲಿ ಇಟ್ಟು ತೂಗಲಿಕ್ಕೆ ಒಂದು ಹಾಳೆ ಕಾಗದ ಯಾರ ಹತ್ತಿರವೂ ಇಲ್ಲ. ಕಾಗದ ಇಲ್ಲದ ದೂರಿಗೆ ಸರಕಾರಿ ಕಚೇರಿಯಲ್ಲಿ ಎಷ್ಟು ಬೆಲೆ ಎಂಬುದು ಓದುಗರಿಗೆ ಗೊತ್ತೇ ಉಂಟು.

ಕಾವೇರಿಯ ಡೈರಿ

ಗಾಳದವರ ಕಾಗದಕ್ಕೆ ಬೆಲೆ ಬಂದ ಒಂದು ಉದಾಹರಣೆ ನಮ್ಮ ರಾಜ್ಯದಲ್ಲೇ ಉಂಟು. ಕಡಲಿನದ್ದಲ್ಲ, ಹೊಳೆಯದ್ದು. ಆದರೆ ಪಾಠ ನಮಗೂ ಹೊಂದುತ್ತದೆ.

ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿ ಕಡೆ ಮಹಸೀರ್ ಮೀನಿಗೆ ಗಾಳ ಹಾಕಲು ದೇಶವಿದೇಶದವರು ಬರುತ್ತಿದ್ದ ಕಾಲ ಇತ್ತು. ಹಿಡಿದ ಮೀನನ್ನು ತೂಗಿ, ಅಳತೆ ನೋಡಿ, ಪುನಃ ನೀರಿಗೆ ಬಿಡಬೇಕು ಎಂಬುದು ಅಲ್ಲಿಯ ನಿಯಮ. ವನ್ಯಧಾಮದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಪ್ಪುವುದಿಲ್ಲ ಎಂದಾಗಿ 2010ರ ನಂತರದ ವರ್ಷಗಳಲ್ಲಿ ಅದು ನಿಂತಿತು. ನಿಂತದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆ ಶಿಬಿರಗಳಲ್ಲಿ ಉಳಿದುಕೊಂಡ ಒಂದು ವಸ್ತು ಮುಖ್ಯ. ಅದು ದಾಖಲೆ ಪುಸ್ತಕ. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ಎಷ್ಟು ತೂಕ, ಯಾವ ಜಾತಿ ಎಂದು ದಿನದಿನದ ಬರಹ.

ಗಾಳಿಬೋರೆಯ 1998ರಿಂದ 2012ರವರೆಗಿನ ಆ ಬರಹವನ್ನು ವಿಜ್ಞಾನಿಗಳು ಕೂಡಿಸಿ ಕಳೆದು ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಗಾಬರಿ ಹುಟ್ಟಿಸುವ ಸಂಗತಿ. ಒಟ್ಟು ಮಹಸೀರ್ ಸಂಖ್ಯೆ ಹೆಚ್ಚಾಗಿತ್ತು. ಮೇಲಿನಿಂದ ನೋಡಿದವರು ಹೊಳೆ ತುಂಬ ಮೀನಿದೆ ಎನ್ನಬೇಕು. ಆದರೆ ಹೆಚ್ಚಾದದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ಕಾವೇರಿಯ ಸ್ವಂತದ್ದಾದ ಗೂನು ಬೆನ್ನಿನ ಮಹಸೀರ್ ಸಿಗುವುದು ತೀರ ಅಪರೂಪವಾಗಿತ್ತು. ಸಿಕ್ಕಿದ ಅಪರೂಪದವುಗಳ ತೂಕ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಇದರ ಅರ್ಥ ಎಂತ? ಮರಿ ಹುಟ್ಟುತ್ತಿಲ್ಲ, ಹಳೆಯವು ಮಾತ್ರ ಉಳಿದಿವೆ. ಮಕ್ಕಳಿಲ್ಲದೆ ಮುದುಕರು ಮಾತ್ರ ಉಳಿದ ಊರಿನ ಹಾಗೆ. 2018ರಲ್ಲಿ ಆ ಮೀನಿಗೆ ವೈಜ್ಞಾನಿಕ ಹೆಸರು ಸ್ಥಿರವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ನೋಡಿ, ಇದನ್ನು ಕಂಡುಹಿಡಿಯಲು ಆಧಾರವಾದದ್ದು ಗಾಳದವರ ಡೈರಿ. ಅದು ಇಲ್ಲದಿದ್ದರೆ ಆ ಮೀನು ಸದ್ದಿಲ್ಲದೆ ಹೋಗುತ್ತಿತ್ತು. ಡೈರಿ ಬರೆದವರಿಗೆ ಬರೆಯುವಾಗ ಇದೊಂದೂ ಗೊತ್ತಿರಲಿಲ್ಲ. ಬರೆಯುವುದು ಶಿಸ್ತು ಎಂದು ಬರೆದರು, ಅಷ್ಟೇ.

"ಬಿಟ್ಟೆವಲ್ಲ ಮಾರಾಯ್ರೆ!"

ಇಷ್ಟು ಓದಿದ ಗಾಳದವರು ಎದೆ ಉಬ್ಬಿಸುವ ಮೊದಲು ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. ಹವ್ಯಾಸಿಗಳಿಗೆ ಆಡಳಿತದಲ್ಲಿ ಜಾಗ ಕೊಟ್ಟು ಬಹುಕಾಲವಾದ ದೇಶ ಅಮೆರಿಕ. ಅಲ್ಲಿ 1976ರ ಕಾನೂನು 8 ಪ್ರಾದೇಶಿಕ ಮಂಡಳಿಗಳನ್ನು ಮಾಡಿತು. ಬೋಟಿನವರ ಜತೆ ಹವ್ಯಾಸಿಗಳಿಗೂ ಅದರಲ್ಲಿ ಮತ ಉಂಟು. ಹವ್ಯಾಸಿಗಳು ಎಷ್ಟು ಹಿಡಿಯುತ್ತಾರೆ ಎಂದು ಸರಕಾರ 1979ರಿಂದ ಲೆಕ್ಕ ತೆಗೆಯುತ್ತಾ ಬಂದಿದೆ.

ಅಲ್ಲಿಯ ಪೂರ್ವ ಕರಾವಳಿಯಲ್ಲಿ ಸ್ಟ್ರೈಪ್ಡ್ ಬಾಸ್ ಎಂಬ ಪಟ್ಟೆ ಮೀನು. ಮೊಟ್ಟೆ ಇಡುವುದು ಹೊಳೆಯಲ್ಲಿ, ಬೆಳೆಯುವುದು ಅಳಿವೆಯಲ್ಲಿ, ತಿರುಗುವುದು ಕಡಲಿನಲ್ಲಿ. ನಮ್ಮ ಅಳಿವೆ ಮೀನುಗಳ ಕತೆಯೇ. 1980ರ ಹೊತ್ತಿಗೆ ಅದು ತಳ ಕಂಡಿತು. 1984ರಲ್ಲಿ ವಿಶೇಷ ಕಾನೂನು ಬಂತು. ಮೇರಿಲ್ಯಾಂಡ್ ರಾಜ್ಯ 1985ರಿಂದ 1990ರವರೆಗೆ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು, ಬಲೆಯವರಿಗೂ ಗಾಳದವರಿಗೂ. ಮೀನು ಚೇತರಿಸಿತು. 1995ರಲ್ಲಿ ಸಂಪೂರ್ಣ ಚೇತರಿಸಿದೆ ಎಂದು ಘೋಷಣೆಯೂ ಆಯಿತು. ಎಲ್ಲರೂ ಬೆನ್ನು ತಟ್ಟಿಕೊಂಡರು.

ಆಮೇಲೆ ಬಂತು ನೋಡಿ ಪೆಟ್ಟು. ಹವ್ಯಾಸಿಗಳ ಲೆಕ್ಕವನ್ನು ಮೊದಲು ಮನೆಮನೆಗೆ ಫೋನು ಮಾಡಿ ಕೇಳುತ್ತಿದ್ದರು. ಮನೆಯ ಫೋನು ಕಡಿಮೆಯಾಗುತ್ತಾ ಬಂದಾಗ ಅಂಚೆಯಲ್ಲಿ ಪ್ರಶ್ನೆ ಕಳಿಸಿ ಉತ್ತರ ತರಿಸುವ ಪದ್ಧತಿ ತಂದರು. 2018ರಲ್ಲಿ ಹಳೇ ಲೆಕ್ಕವನ್ನೆಲ್ಲ ಹೊಸ ಪದ್ಧತಿಗೆ ಹೊಂದಿಸಿ ನೋಡಿದರೆ, ದಡದಲ್ಲಿ ನಿಂತು ಗಾಳ ಹಾಕುವವರ ಪಾಲು ಮೊದಲು ತಿಳಿದುಕೊಂಡಿದ್ದಕ್ಕಿಂತ ಬಹಳ ದೊಡ್ಡದು! ಆ ಲೆಕ್ಕ ಸೇರಿಸಿ ನೋಡಿದಾಗ ಪಟ್ಟೆ ಮೀನು ಪುನಃ ಅತಿಬೇಟೆಗೆ ಸಿಕ್ಕಿದೆ ಎಂದು 2019ರಲ್ಲಿ ಗೊತ್ತಾಯಿತು. 2017ನೇ ಇಸವಿಯ ಲೆಕ್ಕದಂತೆ ಸತ್ತ ಪಟ್ಟೆ ಮೀನುಗಳಲ್ಲಿ ನೂರಕ್ಕೆ 90 ಹವ್ಯಾಸಿಗಳ ಪಾಲು. ಬಲೆ, ಬೋಟಿನವರದ್ದು ಉಳಿದ 10.

ಇನ್ನೂ ವಿಚಿತ್ರ ಕೇಳಿ. ಆ 90ರಲ್ಲಿ ಮನೆಗೆ ಒಯ್ದದ್ದು 42. ಉಳಿದ 48 "ನಾವು ಹಿಡಿದು ಬಿಟ್ಟೆವಲ್ಲ" ಎಂದು ಪುಣ್ಯದ ಲೆಕ್ಕದಲ್ಲಿ ಬರೆದುಕೊಂಡ ಮೀನುಗಳು. ಬಿಟ್ಟ ನೂರರಲ್ಲಿ 9 ಸಾಯುತ್ತವೆ ಎಂಬುದು ಅಲ್ಲಿಯ ವಿಜ್ಞಾನಿಗಳ ಅಂದಾಜು. ಒಬ್ಬನಿಗೆ ಅದು ಸಣ್ಣ ಸಂಖ್ಯೆ. ಲಕ್ಷಾಂತರ ಜನ ಕೋಟಿಗಟ್ಟಲೆ ಮೀನು ಹಿಡಿದು ಬಿಟ್ಟರೆ ಅದೇ ಸಂಖ್ಯೆ ಹೆಣದ ರಾಶಿ. ಅದಕ್ಕೇ 2021ರಿಂದ ಆ ಮೀನಿಗೆ ಎರೆ ಕಟ್ಟಿ ಗಾಳ ಹಾಕುವವರು ಬಾಯಂಚಿಗೆ ಸಿಕ್ಕುವ ದುಂಡು ಕೊಕ್ಕೆಯನ್ನೇ ಬಳಸಬೇಕು ಎಂದು ಮಾಡಿದರು. ಮೀನು ಕೊಕ್ಕೆ ನುಂಗಿ ಕರುಳು ಹರಿದುಕೊಳ್ಳುವುದು ಅದರಿಂದ ಕಡಿಮೆ. 2023ರಲ್ಲಿ ಇನ್ನೂ ಬಿಗಿ ಮಾಡಿ, ಕಡಲಿನಲ್ಲಿ ಒಬ್ಬನಿಗೆ ದಿನಕ್ಕೆ 28ರಿಂದ 31 ಇಂಚಿನ ನಡುವಿನ ಒಂದೇ ಮೀನು ಎಂದರು. ಚಿಕ್ಕದನ್ನೂ ಬಿಡಬೇಕು, ದೊಡ್ಡದನ್ನೂ ಬಿಡಬೇಕು.

ದೊಡ್ಡದನ್ನು ಯಾಕೆ ಬಿಡಬೇಕು ಎಂದು ಕೇಳುವವರಿಗೆ ನಮ್ಮ ನೀರಿನಲ್ಲೇ ಉತ್ತರ ಉಂಟು. ಹೋಟೆಲಿನವರು ಸೀ ಬಾಸ್, ಬಾರಾಮುಂಡಿ ಎನ್ನುವ ಮೀನು ಸಾಮಾನ್ಯವಾಗಿ ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತದೆ. ದೊಡ್ಡದನ್ನೇ ಆರಿಸಿ ಹಿಡಿದರೆ ಮೊಟ್ಟೆ ಇಡುವ ತಾಯಂದಿರೇ ಖಾಲಿ. ಕಲ್ಲಿನ ಸಂದಿಯ ಮುರು ಮೀನು ಇದಕ್ಕೆ ತಿರುಗುಮುರುಗು. ಮೊದಲು ಹೆಣ್ಣು, ಆಮೇಲೆ ಗಂಡು. ಅಲ್ಲಿ ದೊಡ್ಡದನ್ನೆಲ್ಲ ಹಿಡಿದರೆ ಗಂಡೇ ಇಲ್ಲ. ದೊಡ್ಡ ಮೀನನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಗಾಳದವನ ಆಸೆ ಹೋಗಿ ನಾಟುವುದು ಇಂಥ ನಾಜೂಕಿನ ಜಾಗಕ್ಕೇ.

ಕುರ್ಚಿ ಹೆಚ್ಚಾದರೆ?

ಹಾಗಾದರೆ ಗಾಳದವರಿಗೆ ಜಾಗ ಕೊಟ್ಟು ಬಿಟ್ಟರೆ ಎಲ್ಲ ಸರಿಯಾಗುತ್ತದೆಯೇ? ಇಲ್ಲಿಯೂ ಎಚ್ಚರ ಬೇಕು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2001ರಲ್ಲಿ ಹವ್ಯಾಸಿಗಳಿಗೆ ಶುಲ್ಕದ ಪರವಾನಿಗೆ ತಂದರು. ಆ ಹಣದಿಂದ ಬಲೆಯವರ ಪರವಾನಿಗೆಗಳನ್ನು ಖರೀದಿ ಮಾಡಿ, 2002ರಲ್ಲಿ 30 ಕಡೆ ಹವ್ಯಾಸಿಗಳ ಮೀಸಲು ನೀರು ಎಂದು ಘೋಷಿಸಿದರು. ಬಾಟನಿ ಬೇ, ಲೇಕ್ ಮಕ್ವಾರಿ ಅಂಥ ದೊಡ್ಡ ದೊಡ್ಡ ಜಾಗಗಳಿಂದ ಬಲೆ ಹೊರಗೆ ಹೋಯಿತು. ಹಣ ಕೊಟ್ಟರು, ನಿಜ. ಅಲ್ಲಿಯ ಬಲೆಯವನಿಗೆ ಆ ಹಣದಲ್ಲಿ ಇನ್ನೊಂದು ಬದುಕು ಕಟ್ಟಿಕೊಳ್ಳಬಹುದೇನೋ. ನಮ್ಮಲ್ಲಿ ಬೀಸುಬಲೆ ಹೆಗಲಿಗೆ ಹಾಕಿಕೊಂಡು ಮುಂಜಾನೆ ಅಳಿವೆಗೆ ಇಳಿಯುವವನಿಗೂ ಮರುವಾಯಿ ಹೆಕ್ಕುವ ಹೆಂಗಸಿಗೂ ಖರೀದಿಸಲಿಕ್ಕೆ ಎಂತ ಪರವಾನಿಗೆ ಉಂಟು? ಅವರ ಹಕ್ಕು ಕಾಗದದಲ್ಲಿಲ್ಲ, ರೂಢಿಯಲ್ಲಿದೆ. ಕಾಗದ ಇಲ್ಲದವರನ್ನು ಎಬ್ಬಿಸುವುದು ಬಹಳ ಸುಲಭ.

ಪ್ರವಾಸೋದ್ಯಮದ ಮಾತು ಜೋರಾಗಿರುವ ಈ ಕಾಲದಲ್ಲಿ ಇದನ್ನು ಈಗಲೇ ಹೇಳಿ ಇಡಬೇಕು. ರಾಡು ರೀಲಿನವರ ಹತ್ತಿರ ದುಡ್ಡು ಉಂಟು, ಇಂಗ್ಲಿಷ್ ಉಂಟು, ಅಧಿಕಾರಿಗಳ ಪರಿಚಯ ಉಂಟು. ಸಭೆಯಲ್ಲಿ ಅವರ ದನಿ ತಾನಾಗಿಯೇ ದೊಡ್ಡದಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2012ರಲ್ಲಿ ಹವ್ಯಾಸಿ ಮೀನುಗಾರಿಕೆಗೆ ಮಾರ್ಗಸೂಚಿ ತಂದಾಗ, ಹೊಟ್ಟೆಯ ಮುಖ್ಯ ಆಧಾರವಾಗಿ ಅಲ್ಲದೆ, ಸಾಮಾನ್ಯವಾಗಿ ಮಾರದೆ ಹಿಡಿಯುವುದು ಹವ್ಯಾಸ ಎಂದು ಗೆರೆ ಎಳೆಯಿತು. ನಮ್ಮ ಸೇತುವೆಯ ಮೇಲೆ ಕುಳಿತು ರಾತ್ರಿಯ ಸಾರಿಗೆ ನಾಲ್ಕು ಕಾಣೆ ಹಿಡಿಯುವ ಹುಡುಗ ಈ ಗೆರೆಯ ಯಾವ ಕಡೆ? ಅವನನ್ನು ಕ್ರೀಡಾಪಟು ಎಂದು ಲೆಕ್ಕ ಹಾಕಿ ಶುಲ್ಕ ಕೇಳಿದರೆ ಅದು ಅನ್ಯಾಯ.

ರಂಪಣಿಯ ನೆನಪು

ಯಾರನ್ನು ಕೇಳಿ ಮಾಡಬೇಕಿತ್ತೋ ಅವರನ್ನು ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಕರಾವಳಿಗೆ ಹೊರಗಿನವರು ಕಲಿಸಬೇಕಾಗಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ದಡದಲ್ಲಿ ನಿಂತು ಹತ್ತಾರು ಜನ ಹಗ್ಗ ಎಳೆಯುತ್ತಿದ್ದ ದೊಡ್ಡ ರಂಪಣಿಗೆ ಬರಬೇಕಾದ ಬಂಗುಡೆ, ಬೂತಾಯಿ ಹೊರಗೇ ಬೋಟಿಗೆ ಸೇರಿತು. ಜಗಳ ಆಯಿತು, ಮೆರವಣಿಗೆ ಆಯಿತು. ನಿಯಂತ್ರಣದ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ದೊಡ್ಡ ರಂಪಣಿ ಬಹುತೇಕ ಮುಗಿದಿತ್ತು. ಲೆಕ್ಕ ತಡವಾಗಿ ಬಂದರೆ ನ್ಯಾಯವೂ ತಡವಾಗುತ್ತದೆ.

ಆದರೆ ರಂಪಣಿ ಬಿಟ್ಟು ಹೋದ ಒಂದು ನ್ಯಾಯ ಹಳಬರಿಗೆ ಇನ್ನೂ ನೆನಪಿದೆ. ಹಗ್ಗ ಎಳೆದವನಿಗೆ ಪಾಲು. ದಾರಿಯಲ್ಲಿ ಹೋಗುವವನೂ ಹಗ್ಗಕ್ಕೆ ಕೈ ಹಾಕಿದರೆ ಅವನಿಗೂ ಒಂದು ಹಿಡಿ ಮೀನು. ಕೈ ಹಾಕದೆ ಪಾಲು ಕೇಳಿದರೆ ನಗೆಪಾಟಲು. ಗಾಳದವರ ವಿಷಯದಲ್ಲಿ ನಾವು ಹೇಳುವುದೂ ಇದನ್ನೇ.

ಎಂತ ಮಾಡಬಹುದು?

ಮೊದಲನೆಯದು ಪುಸ್ತಕ. ಸರಕಾರ ಆ್ಯಪ್ ಮಾಡಿಕೊಡಲಿ ಎಂದು ಕಾಯಬೇಕಾಗಿಲ್ಲ. ಒಂದೊಂದು ಅಳಿವೆಗೆ ಒಂದೊಂದು ನೋಟ್ ಪುಸ್ತಕ ಸಾಕು. ತಾರೀಕು, ಏರಿತವೋ ಇಳಿತವೋ, ಎಷ್ಟು ಗಾಳ, ಎಷ್ಟು ಗಂಟೆ, ಯಾವ ಮೀನು, ಎಷ್ಟು ಉದ್ದ, ಒಯ್ದದ್ದೆಷ್ಟು, ಬಿಟ್ಟದ್ದೆಷ್ಟು. ಬರಿಗೈಯಲ್ಲಿ ಹೋದ ದಿನವನ್ನು ತಪ್ಪದೆ ಬರೆಯಬೇಕು. ಸಿಕ್ಕಿದ ದಿನ ಮಾತ್ರ ಬರೆದರೆ ಅದು ಜಂಬದ ಪುಸ್ತಕ, ಲೆಕ್ಕದ ಪುಸ್ತಕವಲ್ಲ. ಗಂಟೆಗೆ ಎಷ್ಟು ಮೀನು ಎಂಬ ಸಂಖ್ಯೆ ನಾಲ್ಕೈದು ವರ್ಷ ಹೇಗೆ ಏರಿತು, ಇಳಿಯಿತು ಎಂದು ತೋರಿಸಿದರೆ ಯಾವ ಇಲಾಖೆಯೂ ಅದನ್ನು ತಳ್ಳಿಹಾಕುವ ಹಾಗಿಲ್ಲ. ಮಂಗಳೂರಿನಲ್ಲಿ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೇ ಉಂಟು. ಬರೆಯುವ ಕ್ರಮ ಹೇಗಿರಬೇಕು ಎಂದು ಅವರಿಂದ ಕೇಳಿ ತಿಳಿಯಬಹುದು.

ಎರಡನೆಯದು ಸ್ವಂತ ಕಟ್ಟಳೆ. ಇತರರ ಬಲೆಯ ಕಣ್ಣು ಅಳೆಯುವ ಮೊದಲು ತನ್ನ ಚೀಲ ಅಳೆಯಬೇಕು. ದಿನಕ್ಕೆ ಇಷ್ಟೇ, ಮರಿ ಬಿಡುವುದು, ಮೊಟ್ಟೆ ತುಂಬಿದ ದೊಡ್ಡದನ್ನೂ ಬಿಡುವುದು, ಹವ್ಯಾಸಿ ಎಂದು ಹೇಳಿಕೊಂಡವರು ಮಾರದಿರುವುದು, ದಾರ ಕೊಕ್ಕೆ ಕಲ್ಲಿನಲ್ಲಿ ಬಿಟ್ಟು ಹೋಗದಿರುವುದು. ಕಾನೂನಿನ ಅರಿವೂ ಬೇಕು. ದೈತ್ಯ ಮುರು ಮೀನನ್ನು 2001ರಲ್ಲೇ ವನ್ಯಜೀವಿ ಕಾಯ್ದೆಯ ರಕ್ಷಣೆಗೆ ತಂದಿದ್ದಾರೆ. ಅಂಥದ್ದನ್ನು ಹಿಡಿದು ಫೋಟೋ ಹಾಕಿಕೊಂಡರೆ ಅದು ತಮ್ಮ ವಿರುದ್ಧ ತಾವೇ ಕೊಟ್ಟ ಸಾಕ್ಷಿ.

ಮೂರನೆಯದು ಕುರ್ಚಿ. ಬೆಂಗಳೂರಿನ ಸಮಿತಿಯಲ್ಲಿ ಬೇಡ, ಅಳಿವೆ ಅಳಿವೆಯಲ್ಲಿ ಬೇಕು. ಮೀನುಗಾರಿಕಾ ಇಲಾಖೆ ವರ್ಷಕ್ಕೆ ಎರಡು ಸಲ, ಮಳೆಗಾಲದ ರಜೆಯ ಮೊದಲೊಂದು, ನಂತರವೊಂದು, ಆಯಾ ಅಳಿವೆಯ ಸಭೆ ಕರೆಯಲಿ. ಪಟ್ಟಬಲೆಯವರು, ಕೈರಂಪಣಿಯವರು, ಮರುವಾಯಿ ಹೆಕ್ಕುವ ಹೆಂಗಸರು, ನಾಡದೋಣಿಯವರು, ಪಂಚಾಯತಿನವರು, ಅವರ ಜತೆ ಗಾಳದವರಿಂದ ಒಬ್ಬರು. ಹತ್ತರಲ್ಲಿ ಒಂದು ದನಿ. ಹೊಟ್ಟೆಪಾಡಿನವರನ್ನು ನೀರಿನಿಂದ ಎಬ್ಬಿಸುವ ಯಾವ ಮಾತನ್ನೂ ಆ ಒಂದು ದನಿ ಎತ್ತಬಾರದು.

ಇದರಿಂದ ಬಲೆಯವರಿಗೆ ಎಂತ ಲಾಭ ಎಂದು ಕೇಳಬಹುದು. ಲಾಭ ಉಂಟು. ಹೊಳೆಗೆ ಕೊಳಚೆ ಬಂದಾಗ, ಮರಿಗಳು ಸತ್ತು ತೇಲಿದಾಗ, ಬಲೆಯವರು ಒಬ್ಬರೇ ಕೂಗಿದರೆ ಪರಿಹಾರಕ್ಕೆ ಕೂಗುತ್ತಾರೆ ಎನ್ನುವವರಿದ್ದಾರೆ. ಹಣದ ಆಸೆ ಇಲ್ಲದ ಗಾಳದವನ ಪುಸ್ತಕವೂ ಅದೇ ಮಾತು ಹೇಳಿದರೆ ಎರಡು ಸಾಕ್ಷಿಯಾಯಿತು. ಹಾಗೆಯೇ ಇಬ್ಬರ ದೂರುಗಳಲ್ಲಿ ಯಾವುದು ಸುಳ್ಳು ಎಂಬುದೂ ಆ ಪುಸ್ತಕದಿಂದಲೇ ಹೊರಗೆ ಬಂದೀತು. ಗಾಳದವರದ್ದೇ ಸುಳ್ಳು ಎಂದಾದರೆ ಅದನ್ನೂ ಒಪ್ಪುವ ತಯಾರಿ ಇರಬೇಕು. ಅಮೆರಿಕದವರು ಲೆಕ್ಕ ತಿದ್ದಿಕೊಂಡಾಗ ಆದದ್ದು ಅದೇ ತಾನೆ?

ಬರುವ ಜೂನ್ 1ಕ್ಕೆ ಬೋಟುಗಳು ದಡಕ್ಕೆ ಬರುತ್ತವೆ. ಕಲ್ಲಿನ ಮೇಲಿನ ಗಾಳದ ಸಾಲು ಮಾತ್ರ ಮಳೆಯಲ್ಲಿಯೂ ಕರಗುವುದಿಲ್ಲ. ಆ ಸಾಲಿನಲ್ಲಿ ಯಾರಾದರೂ ಒಬ್ಬರು ಅಂದು ಕಿಸೆಯಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್ ಇಟ್ಟುಕೊಂಡು ಬರಲಿ. ಮಳೆಗೆ ಶಾಯಿ ಅಳಿಸುತ್ತದೆ, ಪೆನ್ಸಿಲ್ ಅಳಿಸುವುದಿಲ್ಲ. ಪಾಲು ಕೇಳುವುದು ಆಮೇಲಾಯಿತು, ಮೊದಲು ಹಗ್ಗಕ್ಕೆ ಕೈ ಹಾಕಲಿ.